ಚಕ್ಕುಬಂದಿಯ ಆಚೆ

ಮನೆಯನ್ನು ಕೊಳ್ಳಹೊರಟ ಗೃಹಸ್ಥನು ಬಾಗಿಲು ಯಾವ ದಿಕ್ಕಿಗಿದೆ, ಕಾವೇರಿ ನೀರು ವಾರಕ್ಕೆ ಎಷ್ಟು ಸಲ ಬರುತ್ತದೆ, ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನೆಲ್ಲ ಎಚ್ಚರದಿಂದ ವಿಚಾರಿಸಿ, ಕ್ರಯಪತ್ರದ ಕೊನೆಯಲ್ಲಿರುವ ಚಕ್ಕುಬಂದಿಯನ್ನು ಎರಡು ಸಲ ಓದಿಸಿ ಕೇಳುತ್ತಾನೆ. ಪೂರ್ವಕ್ಕೆ ಇಂಥವರ ಸ್ವತ್ತು, ಪಶ್ಚಿಮಕ್ಕೆ ಇಂಥ ನಂಬರಿನ ನಿವೇಶನ, ದಕ್ಷಿಣಕ್ಕೆ ಗಲ್ಲಿ, ಉತ್ತರಕ್ಕೆ ರಸ್ತೆ; ಇದರೊಳಗಿನದು ತನ್ನದು, ಆಚೆಯದು ತನ್ನದಲ್ಲ. ವ್ಯವಹಾರಕ್ಕೆ ಇಷ್ಟು ಸಾಕು. ಆದರೆ ಮನುಷ್ಯನು ನಿಜವಾಗಿ ವಾಸಮಾಡುವುದು ತಾನು ಕ್ರಯಕ್ಕೆ ಪಡೆದ ಗೋಡೆಗಳ ನಡುವೆಯೊ, ಅಥವಾ ತನ್ನ ಕಾಲುಗಳು ಅನಾಯಾಸವಾಗಿ ನಡೆದು ಮುಟ್ಟಬಲ್ಲಷ್ಟು ನೆಲದಲ್ಲಿಯೊ ಎಂಬ ಪ್ರಶ್ನೆಯು ಸಬ್‌ರಿಜಿಸ್ಟ್ರಾರರ ಕಚೇರಿಯಲ್ಲಿ ತೀರುವಂಥದಲ್ಲ. ಅದು ಗೃಹಸ್ಥಧರ್ಮದ ಪ್ರಶ್ನೆ.

ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯಲ್ಲಿ, ವರುಣನ ಮಗನಾದ ಭೃಗುವು ತಪಸ್ಸು ಮಾಡಿ ಮೊಟ್ಟಮೊದಲು ಬ್ರಹ್ಮವೆಂದು ಅರಿತದ್ದು ಅನ್ನವನ್ನು. ಅಲ್ಲಿಂದ ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಅವನು ಆನಂದವನ್ನು ಸೇರಿದನೆಂಬುದನ್ನು ನಮ್ಮ ಪಂಡಿತರು ವಿಸ್ತಾರವಾಗಿ ವ್ಯಾಖ್ಯಾನಿಸುತ್ತಾರೆ. ಆ ಏರಿಕೆಯೆಲ್ಲ ಮುಗಿದ ಬಳಿಕ ಉಪನಿಷತ್ತು ಮತ್ತೆ ಅನ್ನಕ್ಕೇ ಹಿಂದಿರುಗಿ, ವಸತಿಯನ್ನರಸಿ ಬಂದ ಯಾರನ್ನೂ ನಿರಾಕರಿಸಬಾರದೆಂದೂ, ಅದರ ಸಲುವಾಗಿ ಅನ್ನವನ್ನು ವಿಪುಲವಾಗಿ ಸಂಪಾದಿಸಬೇಕೆಂದೂ ವ್ರತವನ್ನು ವಿಧಿಸುತ್ತದೆ. ಇದರ ಮೇಲೆ ಅವರ ಗಮನ ಅಷ್ಟಾಗಿ ನಿಲ್ಲುವುದಿಲ್ಲ. ವಸತಿ ಮತ್ತು ಅನ್ನ ಇವೆರಡನ್ನೂ ಋಷಿಯು ಒಂದೇ ವ್ರತದಲ್ಲಿ ಕಟ್ಟಿದುದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ಅನ್ಯರೊಡನೆ ಉಣ್ಣಲು ಎಡೆಯಿಲ್ಲದ ವಾಸವು ಅಪೂರ್ಣ.

ಬೆಂಗಳೂರಿನ ಬಸವನಗುಡಿಯನ್ನು ನೋಡೋಣ. 1898ರ ಪ್ಲೇಗು ಹಳೆಯ ಪೇಟೆಯನ್ನು ಕಂಗೆಡಿಸಿದ ಕಾಲದಲ್ಲಿ, ಗಾಳಿ ಬೆಳಕುಗಳಿಗೆ ಎಡೆಯಿರುವಂತೆ ನೇರವಾದ ಬೀದಿಗಳನ್ನೆಳೆದು, ಮಲ್ಲೇಶ್ವರದೊಡನೆ ಬೆಳೆಸಿದ ಬಡಾವಣೆ ಅದು. ಅಲ್ಲಿ ಮನೆಯಿಂದ ಚೀಲ ಹಿಡಿದು ಹೊರಟವನಿಗೆ ಗಾಂಧಿಬಜಾರಿನ ಹೂವು ಹಣ್ಣುಗಳ ಸಾಲು, ಡಿವಿಜಿಯವರ ಹೆಸರನ್ನು ಹೊತ್ತ ರಸ್ತೆ, ದೊಡ್ಡ ಬಸವಣ್ಣನ ಗುಡಿ, ಇವೆಲ್ಲವೂ ಕಾಲ್ನಡಿಗೆಯಲ್ಲೇ ದೊರೆಯುತ್ತವೆ; ಮತ್ತು 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನ. ಅಲ್ಲಿ ಒಳಗೆ ಹೋದವನಿಗೆ ಖಾಲಿ ಮೇಜು ಸಿಕ್ಕುವುದು ಅಪರೂಪ. ಮೂವರು ಅಪರಿಚಿತರು ಕುಳಿತಿರುವ ಮೇಜಿನ ನಾಲ್ಕನೆಯ ಕುರ್ಚಿಯೇ ಅವನ ಪಾಲು. ಮಾಣಿಯು ದೋಸೆಯ ತಟ್ಟೆಗಳನ್ನು ಅಂಗೈಯಿಂದ ತೋಳಿನವರೆಗೆ ಒಂದರ ಮೇಲೊಂದಾಗಿ ಜೋಡಿಸಿಕೊಂಡು ಬಂದು, ಯಾರೆಂದು ಕೇಳದೆ ಸರದಿಯ ಮೇಲೆ ಇಡುತ್ತಾನೆ. ಹೊರಮೈ ಕೆಂಪಾಗಿ ಗರಿಗರಿಯಾಗಿ, ಒಳಗೆ ಮೃದುವಾಗಿ, ತುಪ್ಪದಿಂದ ಮಿರುಗುವ ಆ ದೋಸೆಯ ಪಕ್ಕಕ್ಕೆ ಇನ್ನೊಬ್ಬನು ನೀರಾದ ಚಟ್ನಿಯನ್ನು ಸುರಿದು ಮುಂದಕ್ಕೆ ಸಾಗುತ್ತಾನೆ. ಎದುರಿನಲ್ಲಿ ಕುಳಿತವರ ಕುಲಗೋತ್ರಗಳನ್ನು ಯಾರೂ ವಿಚಾರಿಸುವುದಿಲ್ಲ. ಚಟ್ನಿ ಇನ್ನಷ್ಟು ಬೇಕೆಂದು ನಾಲ್ವರ ಪರವಾಗಿ ಒಬ್ಬನು ಕೂಗಿದರೆ ಸಾಕು.

ಇದು ಅಲ್ಪವಾದ ಸಂಗತಿಯೆಂದು ಭಾವಿಸುವವರು ನಮ್ಮ ಪಂಕ್ತಿಯ ಇತಿಹಾಸವನ್ನು ನೆನೆಯಬೇಕು. ಉಡುಪಿಯ ಕಡೆಯಿಂದ ಊರೂರಿಗೆ ಹೋಗಿ ಕಾಫಿ ಕ್ಲಬ್ಬುಗಳನ್ನು ತೆರೆದ ಆ ದುಡಿಮೆಗಾರರ ಕೈಯ ರುಚಿ ಎಷ್ಟು ಶ್ಲಾಘ್ಯವೋ, ಬ್ರಾಹ್ಮಣರಿಗೆ ಬೇರೆ ಎಡೆ ಎಂದು ಬರೆದ ಹಲಗೆಗಳು ಆ ಕಾಲದ ಹೋಟೆಲುಗಳಲ್ಲಿ ತೂಗಿದ್ದವೆಂಬುದು ಅಷ್ಟೇ ನಾಚಿಕೆಗೇಡು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ಅನುಚ್ಛೇದವು, ಜಾತಿಮತಾದಿಗಳ ಕಾರಣದಿಂದ ಯಾವ ಪ್ರಜೆಗೂ ಅಂಗಡಿ, ಉಪಾಹಾರಗೃಹ, ಹೋಟೆಲುಗಳ ಪ್ರವೇಶದಲ್ಲಿಯೂ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಬಳಕೆಯಲ್ಲಿಯೂ ಅಡ್ಡಿಯಾಗಕೂಡದೆಂದು ವಿಧಿಸಿತು. ನಡೆಯುವ ದಾರಿಯನ್ನೂ ಉಣ್ಣುವ ಮೇಜನ್ನೂ ಒಟ್ಟಿಗೇ ತೆರೆದ ಆ ವಾಕ್ಯವನ್ನು ನಾನು ಧರ್ಮಶಾಸ್ತ್ರದ ವಾಕ್ಯವೆಂದೇ ಗೌರವಿಸುತ್ತೇನೆ.

ಹಣ ಕೊಟ್ಟು ತಿನ್ನುವುದರಲ್ಲಿ ಧರ್ಮವೆಲ್ಲಿಯದು, ಅನ್ನದಾನವಲ್ಲವೆ ಪುಣ್ಯ ಎಂಬ ಆಕ್ಷೇಪವುಂಟು. ದಾನವು ಉತ್ತಮವೇ ಸರಿ. ಆದರೆ ಕೊಡುವವನ ಕೈ ಮೇಲಿರುವಾಗ ಪಡೆಯುವವನ ಕೈ ಕೆಳಗಿರಲೇಬೇಕು. ಕಲ್ಯಾಣದ ಶರಣರು ದಾಸೋಹವೆಂದು ಕರೆದು ಕೊಡುವವನನ್ನೇ ದಾಸನನ್ನಾಗಿಸಿದ್ದು ಈ ದೋಷವನ್ನು ಕಂಡೇ ಇರಬೇಕು. ಶರಣರಷ್ಟು ವಿನಯ ನಮಗೆ ನಿತ್ಯವೂ ಸಾಧ್ಯವಿಲ್ಲದಿರುವಾಗ, ಬೈ‑ಟು ಕಾಫಿಯನ್ನು ಸಮವಾಗಿ ಹಂಚಿ ಕುಡಿದು ಗಲ್ಲಾದಲ್ಲಿ ಹಣವಿಟ್ಟು ಹೊರಟ ಇಬ್ಬರು, ಯಾರ ಋಣಕ್ಕೂ ತಲೆಬಾಗದೆ ಸಮಾನರಾಗಿ ರಸ್ತೆಗಿಳಿಯುತ್ತಾರಲ್ಲ, ಅದೂ ಒಂದು ಸಂಸ್ಕಾರವೇ. 1980ರ ದಶಕದಿಂದ ಬೆಂಗಳೂರಿನಲ್ಲಿ ಹಬ್ಬಿದ ದರ್ಶಿನಿಗಳಲ್ಲಿ ಕುರ್ಚಿಯೂ ಇಲ್ಲ. ಆಫೀಸಿನ ಅಧಿಕಾರಿಯೂ ಆಟೋ ಚಾಲಕನೂ ಒಂದೇ ಕಲ್ಲಿನ ಕಟ್ಟೆಗೆ ತಟ್ಟೆಯಿಟ್ಟು ನಿಂತು ತಿನ್ನುತ್ತಾರೆ.

ಆದುದರಿಂದಲೇ, ಎತ್ತರದ ಕಾಂಪೌಂಡಿನೊಳಗೆ ಈಜುಕೊಳ, ಕ್ಲಬ್ಬು, ಉಪಾಹಾರಗೃಹಗಳನ್ನೆಲ್ಲ ತಮಗಾಗಿಯೇ ಕಟ್ಟಿಸಿಕೊಂಡು, ಹಾಲಿನ ಪೊಟ್ಟಣಕ್ಕೂ ಕಾರಿನಲ್ಲಿಯೇ ಗೇಟು ದಾಟುವ ಹೊಸ ವಸತಿಗಳ ವಿಷಯದಲ್ಲಿ ನನಗೆ ಖೇದವಿದೆ. ಅಲ್ಲಿ ತಿಂಡಿಯ ಮೇಜು ಉಂಟು, ಅಪರಿಚಿತನಿಲ್ಲ; ಹಳೆಯ ಹಲಗೆಯು ಮಾಯವಾಗಿ ಅದರ ಕೆಲಸವನ್ನು ಕಾವಲುಗಾರನ ರಿಜಿಸ್ಟರು ವಹಿಸಿಕೊಂಡಿದೆ. ಗಾಂಧಿಬಜಾರಿನ ರಸ್ತೆಯನ್ನು ಈಚಿನ ವರ್ಷಗಳಲ್ಲಿ ನಡೆಯುವವರಿಗೆ ಅನುಕೂಲವಾಗುವಂತೆ ಮಾರ್ಪಡಿಸುವಾಗಲೂ, ಕಾರು ನಿಲ್ಲಿಸಲು ಜಾಗವೆಲ್ಲಿ ಎಂಬ ಆತಂಕವೇ ಗಟ್ಟಿಯಾಗಿ ಕೇಳಿಬಂತು.

ಹಾಗೆಂದು ಹಳೆಯ ಬಡಾವಣೆಯು ನಿರ್ದೋಷವಲ್ಲ. ಮನೆಗಳ ಹಿಂದೆ ಕನ್ಸರ್ವೆನ್ಸಿ ಲೇನುಗಳನ್ನು ಬಿಟ್ಟು, ಮಲ ಹೊರುವವನು ಮುಂದಿನ ರಸ್ತೆಯಲ್ಲಿ ಕಣ್ಣಿಗೆ ಬೀಳದಂತೆ ಏರ್ಪಾಟು ಮಾಡಿದ ಕಾಲ ಅದು. ಇಂದು ಆ ಲೇನು ಸವೆದುಹೋಗಿದ್ದರೂ ಅದರ ನ್ಯಾಯ ಬೇರೊಂದು ರೂಪದಲ್ಲಿ ಉಳಿದಿದೆ: ನಡೆದು ಹೋಗಿ ದೋಸೆ ತಿನ್ನಬಹುದಾದ ಬೀದಿಯೆಂಬ ಕೀರ್ತಿಯಿಂದಲೇ ಅಲ್ಲಿನ ನಿವೇಶನದ ಬೆಲೆ ಏರಿ, ಆ ದೋಸೆಯನ್ನು ಹುಯ್ಯುವವನೂ ಮೇಜು ಒರಸುವವನೂ ಅಲ್ಲಿ ಬಾಡಿಗೆಗೂ ಒಂದು ಕೋಣೆ ಹಿಡಿಯಲಾರದೆ, ಕತ್ತಲಿರುವಾಗಲೇ ಎದ್ದು ದೂರದಿಂದ ಬಸ್ಸು ಹಿಡಿದು ಬರಬೇಕಾಗಿದೆ. ನಮ್ಮ ಕಾಲ್ನಡಿಗೆಯ ಸುಖವು ಅವರ ಪ್ರಯಾಣದ ಮೇಲೆ ನಿಂತಿರುವಾಗ, ವಸತಿಯನ್ನರಸಿ ಬಂದವನನ್ನು ನಿರಾಕರಿಸಬಾರದೆಂಬ ವ್ರತಕ್ಕೆ ನಾವು ಏನೆಂದು ಉತ್ತರ ಕೊಡೋಣ? ಮುಂಗಡ ಹಣ ಕೊಡುವ ಮುನ್ನ ಆ ಬೀದಿಯಲ್ಲಿ ಬೆಳಗಿನ ಐದೂವರೆಗೆ ಒಮ್ಮೆ ನಡೆದು, ಹೋಟೆಲಿನ ಬಾಗಿಲು ತೆಗೆಯುವವನನ್ನು ನಿಮ್ಮ ಮನೆ ಎಲ್ಲಿ ಎಂದು ಕೇಳುವುದು, ಚಕ್ಕುಬಂದಿಯನ್ನು ಓದಿಸಿ ಕೇಳುವಷ್ಟೇ ಅವಶ್ಯಕವೆಂದು ನಾನು ತಿಳಿದಿದ್ದೇನೆ.