ಮಂಕು ಬೆಸುಗೆ

ಅಕ್ಕನ ಮಗ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾಗ, 2009ರಲ್ಲಿರಬೇಕು, ಒಂದು ಭಾನುವಾರ ಗಿಟಾರನ್ನು ಹೆಗಲಿಗೇರಿಸಿಕೊಂಡು ಮನೆಗೆ ಬಂದ. ಗಿಟಾರಿನ ಧ್ವನಿಯನ್ನು ಒರಟಾಗಿಸುವ 'ಫಝ್' ಎಂಬ ಪೆಡಲ್ ಅವನಿಗೆ ಬೇಕಾಗಿತ್ತು. ಅಂಗಡಿಯಲ್ಲಿ ಕೊಳ್ಳುವಷ್ಟು ದುಡ್ಡಿರಲಿಲ್ಲ. "ನೀವು ರೇಡಿಯೋ ಎಲ್ಲ ರಿಪೇರಿ ಮಾಡ್ತಿದ್ರಲ್ಲ ಮಾವ, ಇದನ್ನ ಮಾಡೋಕಾಗಲ್ವಾ?" ಎಂದು ಕೇಳಿದ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಡ್ಜರ್ ಬರೆದ ನನ್ನನ್ನು ಯಾರೂ ಅಷ್ಟು ನಂಬಿಕೆಯಿಂದ ಏನನ್ನೂ ಕೇಳಿರಲಿಲ್ಲ. ಒಪ್ಪಿಕೊಂಡೆ.

ಅವನು ತಂದ ನಕ್ಷೆ 1966ರಲ್ಲಿ ಲಂಡನ್ನಿನಲ್ಲಿ ಮಾರಾಟಕ್ಕೆ ಬಂದ 'ಫಝ್ ಫೇಸ್' ಪೆಡಲಿನದು. ಜಿಮಿ ಹೆಂಡ್ರಿಕ್ಸ್ ತುಳಿದು ಹೆಸರುವಾಸಿ ಮಾಡಿದ್ದು. ಒಳಗಿರುವುದು ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ರೇಡಿಯೋಗಳಲ್ಲಿರುವಂಥ ಎರಡು ವಾಲ್ಯೂಮ್ ಕಂಟ್ರೋಲ್. ಒಟ್ಟು ಹನ್ನೊಂದು ಬಿಡಿಭಾಗ, ಒಂಬತ್ತು ವೋಲ್ಟಿನ ಒಂದು ಬ್ಯಾಟರಿ. ಮೊದಮೊದಲು ಇದಕ್ಕೆ ಜರ್ಮೇನಿಯಂ ಟ್ರಾನ್ಸಿಸ್ಟರ್ ಹಾಕುತ್ತಿದ್ದರು. ಅವು ಸೆಖೆ ಏರಿದರೆ ಸ್ವಭಾವ ಬದಲಿಸುತ್ತವೆ. ನಾವು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಲಿಕಾನಿನ ಬಿ.ಸಿ. 108 ಕೊಂಡು ತಂದೆವು.

ಈ ಫಝ್ ಎಂಬ ಧ್ವನಿಯ ಹುಟ್ಟೇ ಒಂದು ಕೆಟ್ಟ ಉಪಕರಣದಿಂದ ಆದದ್ದು. ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ 'ಡೋಂಟ್ ವರಿ' ಹಾಡಿನ ಧ್ವನಿಮುದ್ರಣ ನಡೆದಾಗ, ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ತಂತಿವಾದ್ಯ ಮಿಕ್ಸರಿನ ಕೆಟ್ಟುಹೋದ ಒಂದು ದಾರಿಯಲ್ಲಿ ಹಾದು ಜೇನುಹುಳದಂತೆ ಗುಂಯ್‌ಗುಟ್ಟಿತು. ಅದನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡರು. 1961ರಲ್ಲಿ ಹಾಡು ಹೊರಬಂದು ಜನಪ್ರಿಯವಾಯಿತು. ಅಲ್ಲಿದ್ದ ಇಂಜಿನಿಯರ್ ಗ್ಲೆನ್ ಸ್ನಾಡಿ ಆ ದೋಷವನ್ನೇ ಬೇಕೆಂದಾಗ ಬರಿಸುವ ಪೆಟ್ಟಿಗೆಯೊಂದನ್ನು ರೂಪಿಸಿದ. 1962ರಲ್ಲಿ ಅದು 'ಮ್ಯಾಸ್ಟ್ರೋ ಫಝ್ ಟೋನ್' ಎಂದು ಮಾರುಕಟ್ಟೆಗೆ ಬಂತು. ಈ ಕಥೆಯನ್ನು ಅಳಿಯನಿಗೆ ನಾನೇ ಹೇಳಿ, "ತಪ್ಪಿಗೂ ಒಂದು ಕಾಲ ಬರುತ್ತೆ ನೋಡು" ಎಂದು ನಕ್ಕಿದ್ದೆ.

ಬೆಸುಗೆಯ ಕೆಲಸ ನೋಡುವುದಕ್ಕೆ ಸುಲಭ. ಬೋರ್ಡಿನ ತಾಮ್ರವನ್ನೂ ಬಿಡಿಭಾಗದ ಕಾಲನ್ನೂ ಒಟ್ಟಿಗೆ ಕಾಯಿಸಬೇಕು. ಸೋಲ್ಡರನ್ನು ಐರನ್ನಿನ ಮೂತಿಗೆ ಮುಟ್ಟಿಸಿ ಹಚ್ಚುವುದಲ್ಲ. ಕಾದ ಜಾಗಕ್ಕೆ ಮುಟ್ಟಿಸಬೇಕು, ಅದು ತಾನೇ ಕರಗಿ ಹರಿಯಬೇಕು. ತಂತಿಯೊಳಗಿನ ರಾಳ ಹೊಗೆಯಾಡಿ ಲೋಹದ ಮೇಲಿನ ಕಿಲುಬನ್ನು ತೆಗೆಯುತ್ತದೆ. ನಮ್ಮ ಬೀದಿಗೆ ಕಲಾಯಿ ಹಾಕಲು ಬರುತ್ತಿದ್ದವನು ಕಾದ ಹಿತ್ತಾಳೆ ಪಾತ್ರೆಗೆ ನವಸಾಗರ ಎರಚುತ್ತಿದ್ದುದೂ ಇದಕ್ಕೇ. ಅವನು ಪಾತ್ರೆ ಕೊಟ್ಟಾಗ ನಮ್ಮಮ್ಮ ಅದನ್ನು ಬಿಸಿಲಿಗೆ ಹಿಡಿದು ಒಳಗೆಲ್ಲ ಬೆರಳಾಡಿಸಿ ನೋಡದೆ ದುಡ್ಡು ಕೊಡುತ್ತಿರಲಿಲ್ಲ. ಅವನೂ ಬೇಸರಿಸುತ್ತಿರಲಿಲ್ಲ.

ಶೇಕಡಾ 60 ತವರ, 40 ಸೀಸ ಬೆರೆತ ನಮ್ಮ ಮಾಮೂಲು ಸೋಲ್ಡರ್ ಗಟ್ಟಿಯಾಗುವ ಮುಂಚೆ, ಸುಮಾರು 190ರಿಂದ 183 ಡಿಗ್ರಿಯವರೆಗೆ, ಹಿಟ್ಟಿನ ಗಂಜಿಯಂತೆ ಇರುತ್ತದೆ. ಆ ಗಳಿಗೆಯಲ್ಲಿ ಕೈ ಅಲುಗಿದರೆ ಮುಗಿಯಿತು. ಹೊಳೆಯಬೇಕಾದ ಬೆಸುಗೆ ಮಂಕಾಗಿ, ತರಿತರಿಯಾಗಿ ಕೂರುತ್ತದೆ. ಟಿ.ವಿ. ರಿಪೇರಿಯವರು 'ಡ್ರೈ ಸೋಲ್ಡರ್' ಎಂದು ಬೈಯುವುದು ಇಂಥದ್ದನ್ನೂ ಸೇರಿಸಿಯೇ. (ಯೂರೋಪಿನಲ್ಲಿ 2006ರಿಂದ ಸೀಸಕ್ಕೆ ನಿರ್ಬಂಧ ಬಂದ ಮೇಲೆ ಬಳಕೆಗೆ ಬಂದ ಸೀಸವಿಲ್ಲದ ಬೆಸುಗೆ ಚೆನ್ನಾಗಿದ್ದರೂ ಮಂಕಾಗಿಯೇ ಕಾಣುತ್ತದೆ. ನನಗೆ ಆ ನೆಪವೂ ಇರಲಿಲ್ಲ.)

ಬೋರ್ಡಿನಲ್ಲಿ ಒಟ್ಟು ಮೂವತ್ತರ ಆಸುಪಾಸಿನ ಬೆಸುಗೆಗಳು. ಕೊನೆಯ ಕೆಪಾಸಿಟರಿನ ಒಂದು ಕಾಲು ಮಂಕಾಯಿತು. ಅದನ್ನು ನಾನು ನೋಡಿದೆ. ಮತ್ತೊಮ್ಮೆ ಐರನ್ ಮುಟ್ಟಿಸಿದ್ದರೆ ಮೂರು ಸೆಕೆಂಡಿನ ಕೆಲಸ. ಆದರೆ ಹುಡುಗ ಪಕ್ಕದಲ್ಲೇ ನಿಂತು, "ಏನ್ ಕೈ ಮಾವ ನಿಮ್ದು!" ಎನ್ನುತ್ತಿದ್ದ. ಮಲ್ಟಿಮೀಟರ್ ಹಿಡಿದೆ, ಕುಯ್ ಎಂದಿತು. ಸಾಕಲ್ಲ ಎಂದು ಮುಚ್ಚಳ ಹಾಕಿ ನಾಲ್ಕು ಸ್ಕ್ರೂ ಬಿಗಿದೆ.

ಕಾಲೇಜಿನ ವಾರ್ಷಿಕೋತ್ಸವದಲ್ಲಿ ಎರಡನೆಯ ಹಾಡಿಗೆ ಪೆಡಲ್ ಕೈಕೊಟ್ಟಿತು. ಸ್ವಿಚ್ ತುಳಿದರೆ ನಿಶ್ಶಬ್ದ. ಮತ್ತೆ ತುಳಿದರೆ ಸಾದಾ ಧ್ವನಿ. ಗಾಬರಿಯಲ್ಲಿ ಅವನು ತುಳಿದಷ್ಟೂ ಆ ಬೆಸುಗೆ ಬಿಟ್ಟುಕೊಂಡಿರಬೇಕು. ಹುಡುಗರು ಕೂಗಿದರು. ಮುಂದಿನ ಕಾರ್ಯಕ್ರಮಕ್ಕೆ ಅವನ ಗುಂಪು ಬೇರೆ ಗಿಟಾರಿನವನನ್ನು ಕರೆದುಕೊಂಡಿತು. "ಕೇಬಲ್ ಇರ್ಬೇಕು ಮಾವ, ಇಲ್ಲ ನಾನೇ ಏನೋ ಎಡವಟ್ಟು ಮಾಡಿದೆ" ಎಂದು ಪೆಡಲನ್ನು ತಂದುಕೊಟ್ಟ. ಆ ರಾತ್ರಿ ಒಬ್ಬನೇ ಕೂತು ಮುಚ್ಚಳ ತೆಗೆದೆ. ಕಾಲಿನ ಸುತ್ತ ಕೂದಲೆಳೆಯಷ್ಟು ಬಿರುಕು. ಸರಿಮಾಡಿದೆ. ಬೆಳಿಗ್ಗೆ "ಏನಾಗಿತ್ತು?" ಎಂದು ಕೇಳಿದ್ದಕ್ಕೆ "ಏನೋ ಸಣ್ಣದು" ಎಂದೆ.

ಆ ಎರಡನೆಯದು ಸುಳ್ಳು, ಅದರಲ್ಲಿ ಚರ್ಚೆಯಿಲ್ಲ. ನನ್ನನ್ನು ವರ್ಷಗಟ್ಟಲೆ ಕಾಡಿದ್ದು ಮೊದಲನೆಯದು. ಮುಚ್ಚಳ ಹಾಕುವಾಗ ನಾನು ಸುಳ್ಳು ಹೇಳಿದೆನೆ? ಬಾಯಿ ಬಿಟ್ಟಿರಲಿಲ್ಲ. ಬೆಸುಗೆ ಕೆಟ್ಟಿದೆ ಎಂದು ಖಚಿತವಾಗಿ ಗೊತ್ತಿರಲೂ ಇಲ್ಲ. ಗೊತ್ತಿಲ್ಲದ್ದಕ್ಕೆ ಹೊಣೆ ಹೊರಬೇಕೆ ಎಂದು ನನ್ನೊಳಗಿನ ಗುಮಾಸ್ತ ವಾದಿಸುತ್ತಿದ್ದ. ಆದರೆ ಗೊತ್ತಾಗದಿರುವುದು ಬೇರೆ, ಗೊತ್ತಾಗದಂತೆ ನೋಡಿಕೊಳ್ಳುವುದು ಬೇರೆ. ಮೀಟರನ್ನು ನಾನು ಕೇಳಿದ್ದು ಸಂಶಯ ಪರಿಹಾರಕ್ಕಲ್ಲ, ಸಂಶಯವನ್ನು ಸುಮ್ಮನಾಗಿಸಲಿಕ್ಕೆ. ಮೇಜಿನ ಮೇಲೆ ಅಲುಗದೆ ಕೂತ ಬೋರ್ಡಿಗೆ ಅದು ಸಾಕ್ಷಿ ಹೇಳಿತು. ಬೂಟುಗಾಲಿನ ಕೆಳಗಿನ ಬೋರ್ಡಿನ ಬಗ್ಗೆ ನಾನು ಕೇಳಲೇ ಇಲ್ಲ. ನ್ಯಾಶ್‌ವಿಲ್‌ನವರು ತಮ್ಮ ದೋಷವನ್ನು ಎಲ್ಲರ ಕಿವಿಗೆ ಬಿಟ್ಟರು. ಬೇಕಾದವರು ಕೇಳಿದರು, ಬೇಡವಾದವರು ರೇಡಿಯೋ ಆರಿಸಿದರು. ನನ್ನದನ್ನು ಒಪ್ಪುವ ಅಥವಾ ಬಿಡುವ ಅವಕಾಶ ಆ ಹುಡುಗನಿಗೆ ಇರಲಿಲ್ಲ. ಇದನ್ನು ಕಷ್ಟಪಟ್ಟು ಕಂಡುಕೊಂಡೆ ಎಂದುಕೊಳ್ಳಬೇಡಿ. ಸ್ಕ್ರೂ ಬಿಗಿಯುವಾಗಲೇ ನನ್ನ ಕೈಗೆ ಇದೆಲ್ಲ ತಿಳಿದಿತ್ತು.

ಹೋದ ದಸರಾಕ್ಕೆ ಅವನು ಮಗಳ ಜೊತೆ ಬಂದಿದ್ದ. ಪೆಡಲ್ ಇನ್ನೂ ಇಟ್ಟುಕೊಂಡಿದ್ದಾನೆ. ತಾತ ಮಾಡಿದ್ದು ಎಂದು ಮಗುವಿಗೆ ಬಿಚ್ಚಿ ತೋರಿಸುತ್ತ, "ಇದೊಂದು ಮಾತ್ರ ಬೇರೆ ಥರ ಇದೆಯಲ್ಲ ಮಾವ" ಎಂದು ಆ ಕಾಲಿನ ಮೇಲೆ ಬೆರಳಿಟ್ಟ. ಹೇಳಿಬಿಟ್ಟೆ, ಎಲ್ಲವನ್ನೂ. ಅವನು "ಅಯ್ಯೋ ಬಿಡಿ ಮಾವ, ಯಾವ ಕಾಲದ್ದು" ಎಂದು ನಕ್ಕ. ಸ್ವಲ್ಪ ಹೊತ್ತಾದ ಮೇಲೆ, ಮಗುವಿನ ಕಡೆಗೇ ನೋಡುತ್ತ, "ಆಮೇಲೆ ಒಂದು ವರ್ಷ ನಾನು ಗಿಟಾರ್ ಮುಟ್ಟಿರಲಿಲ್ಲ" ಎಂದ.

ನನ್ನ ಹೆಂಡತಿಗೆ ಸಿಟ್ಟು. "ಹದಿನೈದು ವರ್ಷ ಸುಮ್ಮನಿದ್ದೋರು ಈಗ್ಯಾಕೆ ಹೇಳಿದ್ರಿ? ನಿಮ್ಮ ಹೊಟ್ಟೆಭಾರ ಇಳಿಸಿಕೊಳ್ಳೋಕೆ ಅವನ ಮನಸ್ಸು ಕದಡಿದ್ರಿ" ಎಂದಳು. ಇರಬಹುದು. ಅವಳಿಗೆ ಕೊಡಲು ನನ್ನಲ್ಲಿ ಇನ್ನೂ ಉತ್ತರವಿಲ್ಲ. ಆದರೆ ತಾನು ಎಡವಟ್ಟು ಮಾಡಲಿಲ್ಲವೆಂದು ಅವನಿಗೆ ಗೊತ್ತಾಗಬೇಕಿತ್ತಲ್ಲ.