ಸೋತವರ ಬಳಿ ನಿಲ್ಲುವುದು

ಅಮೆರಿಕದ ಬೇಸ್‌ಬಾಲ್ ತಂಡ ಷಿಕಾಗೋ ಕಬ್ಸ್ 1984ರಲ್ಲಿ ಐದು ಪಂದ್ಯಗಳ ಸರಣಿಯ ಮೊದಲೆರಡನ್ನು ತವರಿನಲ್ಲಿ ಗೆದ್ದು, ಸ್ಯಾನ್ ಡಿಯಾಗೋಗೆ ಹೋಗಿ ಉಳಿದ ಮೂರನ್ನೂ ಸೋತಿತು. ಅಭಿಮಾನಿಗಳು ಕೈಬಿಡಲಿಲ್ಲ. 1908ರ ನಂತರ ಅದು ವರ್ಲ್ಡ್ ಸೀರೀಸ್ ಗೆದ್ದದ್ದು 2016ರ ನವೆಂಬರ್ 2ರ ರಾತ್ರಿ, ಸಕಲ ಮೃತರ ಸ್ಮರಣೆಯ ದಿನ. ಆಗ ಜನರು, ಗೆಲುವು ಕಾಣದೆ ತೀರಿಹೋದ ತಮ್ಮವರ ಹೆಸರುಗಳನ್ನು ತವರು ಮೈದಾನದ ಇಟ್ಟಿಗೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದರು.

ತೀರಿಹೋದ ಅವರ ನಿಷ್ಠೆ ವ್ಯರ್ಥವಾಯಿತೇ ಎಂದು ನಾವು ಕೇಳಬಹುದು. ಗೆಲುವೇ ನಿಷ್ಠೆಯ ಕೂಲಿಯಾದರೆ, ಹೌದು. ಆದರೆ ಗರಿಗಳ ಭಾನುವಾರ ಜಯಘೋಷ ಮಾಡಿದವರು ಅನೇಕರು. ಶಿಲುಬೆಯ ಬಳಿ ನಿಂತವರು ಕೆಲವರೇ. ಮಾತೆ ಮರಿಯಮ್ಮನವರು ಅಲ್ಲಿ ನಿಂತದ್ದು ಲೆಕ್ಕ ಹಾಕಿ ಅಲ್ಲ, ಪ್ರೀತಿಯಿಂದ. ಪರೀಕ್ಷೆಯಲ್ಲಿ ನಪಾಸಾದ ಮಗುವಿನ ಬಳಿ, ಸಾಲದಲ್ಲಿ ಸೋತ ನೆರೆಯವರ ಬಳಿ ನಾವೂ ಹಾಗೆಯೇ ನಿಲ್ಲೋಣ.