ಎದುರುಮನೆಯ ನೋವಿಗೆ ಸಾಕ್ಷಿ

ಸೆಪ್ಟೆಂಬರ್ 17ರ ಬೆಳಿಗ್ಗೆ ಕಲಬುರಗಿಯಲ್ಲಿ ಧ್ವಜ ಏರುತ್ತದೆ, ಭಾಷಣಗಳಾಗುತ್ತವೆ, ಪೊಲೀಸರ ಕವಾಯತು ನಡೆಯುತ್ತದೆ. 1948ರಲ್ಲಿ ಅದೇ ದಿನ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಶರಣಾಗಿದ್ದ. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷ ಕಳೆದ ಮೇಲೆ ನಮಗೆ ಬಂತು. ಈ ದಿನಕ್ಕೆ ಮೊದಲು ವಿಮೋಚನಾ ದಿನ ಎನ್ನುತ್ತಿದ್ದೆವು. 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ಎನ್ನುತ್ತೇವೆ.

ಅದೇ ದಿನ ಸಂಜೆ ನಮ್ಮ ಓಣಿಯ ಕೆಲವರು ಸೇರಿ ಇನ್ನೊಂದು ಸಭೆ ಮಾಡುತ್ತೇವೆ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ನನ್ನ ಜೊತೆ ಒಬ್ಬ ನರ್ಸಮ್ಮ, ಒಬ್ಬ ದರ್ಜಿ, ಮಸೀದಿಯ ಮೌಲ್ವಿ ಸಾಹೇಬರು, ಬಟ್ಟೆ ಅಂಗಡಿಯ ಗುಮಾಸ್ತರು, ಕಾಲೇಜಿನ ಇಬ್ಬರು ಹುಡುಗರು ಇದ್ದಾರೆ. ಸಂಘಕ್ಕೆ ನೋಂದಣಿ ಇಲ್ಲ, ಬ್ಯಾನರ್ ಇಲ್ಲ. ಕೊನೆಗೆ ಸುಸಲಾ, ಮಿರ್ಚಿ, ಚಹಾ ಕೊಡುತ್ತೇವೆಂದು ಓಣಿಯ ಮಂದಿ ನಮ್ಮದನ್ನು ‘ಸುಸಲಾ ಸಭಾ’ ಎಂದು ಕರೆಯುತ್ತಾರೆ. ಸಿಟ್ಟಿಗೇಳುವಂಥ ಹೆಸರೇನಲ್ಲ.

ಮೊದಮೊದಲು ನಮ್ಮ ಸಭೆಯೂ ಎಲ್ಲ ಊರಿನ ಶಾಂತಿ ಸಭೆಗಳ ಹಾಗೇ ನಡೆಯುತ್ತಿತ್ತು. ಒಬ್ಬ ಸ್ವಾಮಿಗಳು, ಒಬ್ಬ ಮೌಲ್ವಿ, ಒಬ್ಬ ಪಾದ್ರಿ, ಬುದ್ಧವಿಹಾರದಿಂದ ಒಬ್ಬ ಭಂತೇಜಿ. ನಾಲ್ವರೂ ತಮ್ಮ ತಮ್ಮ ಧರ್ಮ ಶಾಂತಿಯನ್ನೇ ಬೋಧಿಸುತ್ತದೆ ಎನ್ನುತ್ತಿದ್ದರು. ಬಂದೇನವಾಜರ ಉರುಸಿಗೆ ಹಿಂದೂಗಳು ಹೋಗುವುದನ್ನೂ, ಶರಣಬಸಪ್ಪನ ಜಾತ್ರೆಗೆ ಮುಸಲ್ಮಾನರು ಬರುವುದನ್ನೂ ನೆನೆಯುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಒಂದು ಸಲ ಸಭೆ ಮುಗಿದ ಮೇಲೆ ಹಿಂದಿನ ಸಾಲಿನ ಮುದುಕಿಯೊಬ್ಬಳು ನನ್ನ ಕೈ ಹಿಡಿದು, “ಎಲ್ಲಾರೂ ಚೊಲೋ ಮಾತಾಡಿದ್ರಿ ಟೀಚರಮ್ಮಾ. ಖರೇ ಅಂದ್ರ, ಯಾರೂ ಏನೂ ಹೇಳ್ಲೇ ಇಲ್ಲ” ಎಂದಳು.

ಅವಳು ಕೇಳಬೇಕೆಂದು ಬಂದಿದ್ದೇನು ಎಂಬುದು ನನಗೆ ಗೊತ್ತಿತ್ತು. ನಮ್ಮ ಭಾಗದ ಮನೆಗಳಲ್ಲಿ 1948ಕ್ಕೆ ಎರಡು ಕಥೆಗಳಿವೆ. ಒಂದು ಸೆಪ್ಟೆಂಬರ್‌ಗಿಂತ ಮೊದಲಿನದು, ಇನ್ನೊಂದು ಆಮೇಲಿನದು.

ಮೊದಲಿನದು ನಿಜಾಮನ ಪರವಾಗಿದ್ದ ರಜಾಕಾರರ ಹಾವಳಿ. ಕಾಸಿಂ ರಜ್ವಿಯ ಪಡೆ ಹಳ್ಳಿಹಳ್ಳಿಗೆ ನುಗ್ಗಿ ಸುಲಿದದ್ದು, ಆ ವರ್ಷ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಡೆದ ಹತ್ಯಾಕಾಂಡ, ಜೀವ ಕೈಯಲ್ಲಿ ಹಿಡಿದುಕೊಂಡು ಸೊಲ್ಲಾಪುರದ ಕಡೆ ಗಡಿ ದಾಟಿದ ಕುಟುಂಬಗಳು. ನಮ್ಮಜ್ಜಿ ಎರಡು ರಾತ್ರಿ ಜೋಳದ ಹಗೇವಿನೊಳಗೆ ಕೂತಿದ್ದಳಂತೆ. ಕೂಸು ಅತ್ತೀತೆಂದು ಅದರ ಬಾಯಿಗೆ ಬೆಲ್ಲ ಇಡುತ್ತಿದ್ದಳಂತೆ. ಈ ಕಥೆ ನಾವು ಹುಟ್ಟಿದಾಗಿನಿಂದ ಕೇಳಿದ್ದು. ಪುಸ್ತಕಗಳಲ್ಲಿದೆ, ಸ್ಮಾರಕಗಳಲ್ಲಿದೆ, 17ರ ಬೆಳಗಿನ ಭಾಷಣಗಳಲ್ಲೂ ಇದೆ.

ಎರಡನೆಯದು ಭಾರತದ ಸೇನೆ ನಡೆಸಿದ ‘ಪೊಲೀಸ್ ಆಕ್ಷನ್’ ಮುಗಿದ ನಂತರದ ವಾರಗಳದು. ಭಾಷಣಗಳಲ್ಲಿ ಇದು ಬರುವುದಿಲ್ಲ. ಕೇಂದ್ರ ಸರ್ಕಾರವೇ ಪಂಡಿತ್ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರನ್ನು ಹೈದರಾಬಾದ್ ಸಂಸ್ಥಾನಕ್ಕೆ ಕಳಿಸಿತ್ತು. 1948ರ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಅವರು ತಿರುಗಾಡಿ ಕೊಟ್ಟ ವರದಿಯ ಪ್ರಕಾರ, ಆ ಕಾರ್ಯಾಚರಣೆಯ ಸಮಯದಲ್ಲೂ ಆಮೇಲೂ ಪ್ರಾಣ ಕಳೆದುಕೊಂಡವರು ಕಡಿಮೆಯೆಂದರೂ 27ರಿಂದ 40 ಸಾವಿರ. ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳೆಂದು ಉಸ್ಮಾನಾಬಾದ್, ನಾಂದೇಡ್, ಬೀದರ್‌ಗಳ ಜೊತೆ ನಮ್ಮ ಗುಲ್ಬರ್ಗವನ್ನೂ ಹೆಸರಿಸಿದರು. ಸತ್ತವರು ಬಹುಪಾಲು ಮುಸಲ್ಮಾನರು. ರಜಾಕಾರರ ಜೊತೆ ಯಾವ ಸಂಬಂಧವೂ ಇಲ್ಲದವರು ಎಷ್ಟೋ ಮಂದಿ. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಓಣಿಯ ದರ್ಜಿಯ ಮನೆಯಲ್ಲಿ ಮಾತ್ರ ವರದಿಯ ಅಗತ್ಯವಿರಲಿಲ್ಲ. ಅವರ ಅಜ್ಜ ಹೊಲಕ್ಕೆ ಹೋದವರು ತಿರುಗಿ ಬಂದಿರಲಿಲ್ಲ.

ಹಾಗಾದರೆ ಶಾಂತಿ ಸಭೆಯಲ್ಲಿ ಇದನ್ನು ಹೇಳಬೇಕೋ ಬೇಡವೋ? ಹೇಳಿದರೆ ಹಳೇ ಗಾಯ ಕೆರೆದಂತೆ. ಹೇಳದಿದ್ದರೆ ಸಭೆಯಲ್ಲಿ ಅಕ್ಕಪಕ್ಕ ಕೂತ ಇಬ್ಬರೂ ಮನಸ್ಸಿನಲ್ಲಿ ಬೇರೆ ಬೇರೆ ಕಥೆ ಇಟ್ಟುಕೊಂಡು ನಗುತ್ತಾ ಕೂರಬೇಕು. ಸತ್ಯ ದೊಡ್ಡದೋ ಶಾಂತಿ ದೊಡ್ಡದೋ ಎಂಬ ಪ್ರಶ್ನೆ ನಮ್ಮ ಓಣಿಯೊಳಗೆ ಬಂದು ನಿಂತದ್ದು ಹೀಗೆ.

ನಮ್ಮ ಹಿರಿಯರು ಮಕ್ಕಳಿಗೆ ಕಲಿಸುತ್ತಿದ್ದದ್ದು, ಸತ್ಯ ಹೇಳು, ಆದರೆ ಅಪ್ರಿಯವಾದ ಸತ್ಯ ಹೇಳಬೇಡ ಎಂದು. ಈ ಬುದ್ಧಿಮಾತು ಮದುವೆ ಮನೆಗೆ ಸರಿಹೋಗುತ್ತದೆ. ಹತ್ಯೆ ನಡೆದ ಊರಿಗೆ ಸಾಲದು. ಗೀತೆಯ ಹದಿನೇಳನೇ ಅಧ್ಯಾಯ ಇನ್ನೂ ಕಠಿಣವಾಗಿದೆ. ಮಾತಿನ ತಪಸ್ಸೆಂದರೆ ಕೇಳುವವರ ಮನಸ್ಸು ಕದಡದಿರುವುದು, ಜೊತೆಗೆ ಸತ್ಯವೂ ಪ್ರಿಯವೂ ಹಿತವೂ ಆಗಿರುವುದು ಎನ್ನುತ್ತದೆ. ಇವುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳುವ ಸವಲತ್ತು ಅಲ್ಲಿಲ್ಲ. ಅದಕ್ಕೇ ಅದು ತಪಸ್ಸು. ಆದರೆ ಅಜ್ಜನ ಕೊಲೆಯ ಸುದ್ದಿಯನ್ನು ಕೊಂದವರ ಊರಿನವರಿಗೆ ಪ್ರಿಯವಾಗುವಂತೆ ಹೇಳುವುದು ಹೇಗೆ?

ಈ ಗಂಟು ಬಿಚ್ಚುವುದಕ್ಕೆ ಒಂದು ಎಳೆ ಸಿಕ್ಕಿದ್ದು ನಮ್ಮ ಜಿಲ್ಲೆಯ ಸನ್ನತಿಯಲ್ಲಿ. ಭೀಮಾ ನದಿಯ ದಂಡೆಯ ಆ ಊರಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದು ನನ್ನ ಶಾಲೆಯ ರೂಢಿಯಾಗಿತ್ತು. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಅದರಲ್ಲಿ ಹನ್ನೆರಡನೇ ಶಿಲಾಶಾಸನವೂ ಇದೆ. ಬೇರೆ ಬೇರೆ ಪಂಥದವರು ಹೇಗೆ ಒಟ್ಟಿಗೆ ಬಾಳಬೇಕೆಂದು ಹೇಳುವ ಶಾಸನ ಅದು. ಅಶೋಕ ಅಲ್ಲಿ ಸುಮ್ಮನಿರಿ ಎನ್ನುವುದಿಲ್ಲ. ನಾಲಿಗೆಯ ಮೇಲೆ ಹಿಡಿತವಿರಲಿ, ಹೊತ್ತಲ್ಲದ ಹೊತ್ತಿನಲ್ಲಿ ನಿಮ್ಮ ಪಂಥವನ್ನು ಹೊಗಳಬೇಡಿ, ಬೇರೆಯವರದನ್ನು ತೆಗಳಬೇಡಿ, ಒಟ್ಟುಗೂಡಿ ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ಎನ್ನುತ್ತಾನೆ. ತನ್ನ ಪಂಥದ ಮೇಲಿನ ಮೋಹದಿಂದ ಬೇರೆಯವರನ್ನು ಹಳಿಯುವವನು ತನ್ನ ಪಂಥಕ್ಕೇ ಹೆಚ್ಚು ಕೇಡು ಮಾಡುತ್ತಾನೆ ಎಂಬುದು ಅವನ ಲೆಕ್ಕ. ಹಿಡಿತವಿರಬೇಕಾದದ್ದು ನಮ್ಮ ಹೊಗಳಿಕೆಗೆ, ಅವರ ಮಾತಿಗಲ್ಲ. ನಮ್ಮ ವೇದಿಕೆಯ ಮೇಲೆ ಇದಕ್ಕೆ ಸರಿಯಾಗಿ ತಿರುವುಮುರುವು ನಡೆಯುತ್ತಿತ್ತು.

ಇದನ್ನು ಸಂಘದವರ ಮುಂದೆ ಹೇಳಿದಾಗ ಮೌಲ್ವಿ ಸಾಹೇಬರು ಕುರ್‌ಆನಿನ ಅನ್ನಿಸಾ ಅಧ್ಯಾಯವನ್ನು ನೆನಪಿಸಿದರು. ನ್ಯಾಯದ ಪರ ಸಾಕ್ಷಿ ನಿಲ್ಲುವುದು ವಿಶ್ವಾಸಿಯ ಕರ್ತವ್ಯ; ಆ ಸಾಕ್ಷಿ ತನ್ನ ವಿರುದ್ಧವೇ ಆಗಲಿ, ಹೆತ್ತವರ ವಿರುದ್ಧವೇ ಆಗಲಿ, ರಕ್ತಸಂಬಂಧಿಗಳ ವಿರುದ್ಧವೇ ಆಗಲಿ ನಿಲ್ಲಬೇಕೆಂದು ಅಲ್ಲಿದೆ. “ದುಶ್ಮನ್ ವಿರುದ್ಧ ಸಾಕ್ಷಿ ಹೇಳೂದು ಯಾರಿಗರೇ ಬರ್ತದ ಬಾಯಿ, ಅದಕ್ಕ ಈಮಾನ್ ಬೇಕಾಗಿಲ್ಲ” ಎಂದರು.

ಆ ಮಾತುಕತೆಯಲ್ಲಿ ನಮಗೆ ಒಂದು ನಿಯಮ ಹೊಳೆಯಿತು. ಸಭೆಯಲ್ಲಿ ಯಾರೂ ತಮ್ಮ ನೋವನ್ನು ತಾವೇ ಹೇಳುವ ಹಾಗಿಲ್ಲ. ಎದುರುಮನೆಯವರ ನೋವನ್ನು ಹೇಳಬೇಕು. ಅದಕ್ಕೆ ಮೊದಲೇ ಅವರ ಮನೆಗೆ ಹೋಗಿ ಕೂತು ಕೇಳಿಕೊಂಡು ಬರಬೇಕು. ಯಾರದು ಆ ಕಥೆಯೋ ಅವರು ಮುಂದಿನ ಸಾಲಿನಲ್ಲಿ ಕೂರುತ್ತಾರೆ; ತಪ್ಪಾದರೆ ಎದ್ದು ತಿದ್ದುತ್ತಾರೆ.

ದರ್ಜಿಯ ಅಜ್ಜನ ಕಥೆ ನನ್ನ ಪಾಲಿಗೆ ಬಂತು. ನಮ್ಮಜ್ಜಿಯ ಹಗೇವಿನ ಕಥೆ ದರ್ಜಿಯ ಪಾಲಿಗೆ. ಆ ಸಂಜೆ ಅವರು ಬೆಲ್ಲದ ಮಾತಿಗೆ ಬಂದಾಗ ನನಗೆ ಆದದ್ದೇ ಬೇರೆ. ಆ ಕಥೆಯನ್ನು ನಾನು ಹೇಳಿದಾಗಲೆಲ್ಲ ಅದರೊಳಗೆ ಒಂದು ಆಪಾದನೆ ಇರುತ್ತಿತ್ತು. ನಾನು ಇಟ್ಟಿರಲಿಲ್ಲ, ಆದರೂ ಇರುತ್ತಿತ್ತು. ಅವರ ಬಾಯಲ್ಲಿ ಆಪಾದನೆಯ ಜಾಗದಲ್ಲಿ ನಾಚಿಕೆ ಇತ್ತು. ಘಟನೆ ಅದೇ, ರಾತ್ರಿ ಅದೇ, ಕೂಸೂ ಅದೇ. ಹೇಳುವವರು ಬದಲಾದರೆ ಸತ್ಯ ಸುಳ್ಳಾಗುವುದಿಲ್ಲ, ಆದರೆ ಅದು ಮಾಡುವ ಕೆಲಸ ಬದಲಾಗುತ್ತದೆ. ನೊಂದವರ ಬಾಯಲ್ಲಿ ಅದು ದೂರು. ಎದುರಿನವರ ಬಾಯಲ್ಲಿ ಅದೇ ಸತ್ಯ ಒಪ್ಪಿಗೆಯಾಗುತ್ತದೆ. ದೂರಿನಿಂದ ನ್ಯಾಯ ಸಿಗಬಹುದು, ಸಿಗಲೂಬೇಕು. ಆದರೆ ನೆರೆಹೊರೆ ಮತ್ತೆ ಕೂಡುವುದು ಒಪ್ಪಿಗೆಯಿಂದ. ಸತ್ಯ ದೊಡ್ಡದೋ ಶಾಂತಿ ದೊಡ್ಡದೋ ಎಂದು ಕೇಳುವಾಗ ನಾವು ಒಂದನ್ನು ಮರೆಯುತ್ತೇವೆ, ಆ ಸತ್ಯವನ್ನು ಹೇಳುವವರು ಯಾರು ಎಂಬುದನ್ನು. ಅದನ್ನು ಸರಿಯಾಗಿ ಇತ್ಯರ್ಥ ಮಾಡಿದರೆ ಎರಡೂ ಒಂದೇ ಕಡೆ ನಡೆಯಬಲ್ಲವು ಎಂಬುದು ನನ್ನ ನಂಬಿಕೆ.

ಎರಡೂ ಕಡೆಯ ಕಥೆಗಳಲ್ಲಿ ಗೆರೆ ದಾಟಿ ನಿಂತವರು ಸಿಗುತ್ತಾರೆ. ಹೈದರಾಬಾದಿನ ‘ಇಮ್ರೋಜ್’ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಭಾರತದೊಡನೆ ಸೇರಬೇಕೆಂದು ಬರೆದದ್ದಕ್ಕೆ 1948ರ ಆಗಸ್ಟ್‌ನಲ್ಲಿ ಕೊಲೆಯಾದರು. ಸುಂದರಲಾಲ್ ವರದಿಯಲ್ಲೂ ಜೀವದ ಹಂಗು ತೊರೆದು ಮುಸಲ್ಮಾನ ನೆರೆಯವರನ್ನು ಕಾಪಾಡಿದ ಹಿಂದೂಗಳಿದ್ದಾರೆ. ಅದರಲ್ಲೂ ನೇಕಾರರನ್ನು ವರದಿ ಪ್ರತ್ಯೇಕವಾಗಿ ಗುರುತಿಸುತ್ತದೆ: ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ಕಾಯಲು ಹೋಗಿ ಕೆಲವೆಡೆ ತಾವೇ ಪ್ರಾಣ ಕೊಟ್ಟರು. ಅವರನ್ನು ಯಾವ ಶಾಂತಿ ಸಭೆಯೂ ತಯಾರು ಮಾಡಿರಲಿಲ್ಲ, ಕಸುಬು ತಯಾರು ಮಾಡಿತ್ತು. ವರ್ಷಕ್ಕೊಂದು ಸಂಜೆ ಸೇರಿದರೆ ಸಾಲದು ಎಂಬ ಎಚ್ಚರಿಕೆ ಇದರಲ್ಲಿದೆ. ನಾವೂ ಅದನ್ನು ಗಂಭೀರವಾಗಿ ತೆಗೆದುಕೊಂಡೆವು. ಓಣಿಯ ಹೆಂಗಸರ ಚೀಟಿ ಈಗ ಒಂದೇ ಇದೆ, ಬೇರೆ ಬೇರೆ ಇಲ್ಲ. ತಿಂಗಳಿಗೊಮ್ಮೆ ಹಣ ಕೈಬದಲಾಗುವ ಕಡೆ ನಂಬಿಕೆ ಭಾಷಣಕ್ಕಿಂತ ಬೇಗ ಬೆಳೆಯುತ್ತದೆ.

ನಮ್ಮ ನಿಯಮಕ್ಕೆ ಆಕ್ಷೇಪಗಳೂ ಬಂದವು. ಕಾಲೇಜಿನ ಹುಡುಗನೊಬ್ಬ, “ಎರಡು ಕಥಿ ಪಕ್ಕಪಕ್ಕ ಇಟ್ರ ಎರಡೂ ಸಮ ಅಂದಂಗ ಆಗ್ತದ ಮೇಡಂ, ಅದು ಖರೇನಾ?” ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಸಮ ಅಲ್ಲ. ಒಂದರ ಹಿಂದೆ ಸಂಸ್ಥಾನದ ಬಲವಿತ್ತು. ಇನ್ನೊಂದರ ಸುತ್ತ ಗೆದ್ದವರ ಮೌನವಿತ್ತು. ಕಾಲ, ಸಂಖ್ಯೆ, ಹೊಣೆಗಾರರು ಎಲ್ಲವೂ ಬೇರೆ. ಅದನ್ನೆಲ್ಲ ತೂಗುವುದು ಇತಿಹಾಸಕಾರರ ಮತ್ತು ನ್ಯಾಯಾಲಯಗಳ ಕೆಲಸ, ತೂಗಲೇಬೇಕು. ಆದರೆ ಹಗೇವಿನ ಅಜ್ಜಿ ಮತ್ತು ಹೊಲದ ಅಜ್ಜ ಒಬ್ಬರ ವಿರುದ್ಧ ಒಬ್ಬರು ತಕ್ಕಡಿಯಲ್ಲಿ ಕೂರಬೇಕಾದವರಲ್ಲ. ಒಂದು ಕೊಲೆಯನ್ನು ಇನ್ನೊಂದಕ್ಕೆ ಉತ್ತರ ಎನ್ನುವ ಲೆಕ್ಕಾಚಾರವನ್ನು ಮುರಿಯುವುದಷ್ಟೇ ಸಭೆಯ ಕೆಲಸ.

ಇನ್ನೊಂದು ಆಕ್ಷೇಪ ಇದಕ್ಕಿಂತ ಚೂಪಾದದ್ದು: ಕಣ್ಣೀರು ಹಾಕಿ ಚಹಾ ಕುಡಿದು ಹೋದರೆ ಆಯಿತೇ? ಇದಕ್ಕೆ ನನಗೆ ಗಾಂಧೀಜಿಯ ಕೊನೆಯ ಉಪವಾಸ ನೆನಪಾಗುತ್ತದೆ. 1948ರ ಜನವರಿ 13ರಂದು ದಿಲ್ಲಿಯಲ್ಲಿ ಶುರುಮಾಡಿ, ನಗರದ ಮುಖಂಡರು ಬರೆದುಕೊಟ್ಟ ಮೇಲೆ 18ರಂದು ನಿಲ್ಲಿಸಿದರು. ಅವರು ಬರೆದುಕೊಟ್ಟದ್ದರಲ್ಲಿ ‘ಪ್ರೀತಿಯಿಂದಿರುತ್ತೇವೆ’ ಎಂಬಷ್ಟೇ ಇರಲಿಲ್ಲ. ವಶಪಡಿಸಿಕೊಂಡ ಮಸೀದಿಗಳನ್ನು ವಾಪಸು ಕೊಡಬೇಕು, ಸಬ್ಜಿಮಂಡಿ, ಕರೋಲ್‌ಬಾಗ್, ಪಹಾಡ್‌ಗಂಜ್‌ನಲ್ಲಿ ಮುಸಲ್ಮಾನರು ಅಂಜಿಕೆ ಇಲ್ಲದೆ ಓಡಾಡಬೇಕು. ಮೆಹರೌಲಿಯ ಖ್ವಾಜಾ ಕುತುಬುದ್ದೀನರ ಉರುಸು ಪ್ರತಿ ವರ್ಷದಂತೆ ನಡೆಯಬೇಕು. ಪ್ರಾಣ ಪಣಕ್ಕಿಟ್ಟವರ ಷರತ್ತಿನಲ್ಲಿ ಒಂದು ಜಾತ್ರೆ! ಜನವರಿ 27ರಂದು ಅವರೇ ಅಲ್ಲಿಗೆ ಹೋಗಿಬಂದರು. ಮೂರು ದಿನಕ್ಕೆ ಕೊಲೆಯಾದರು. ಅವರಿಗೆ ಜನ ಸೇರುವುದೂ ಬೇಕಿತ್ತು, ಕಿತ್ತುಕೊಂಡದ್ದು ವಾಪಸಾಗುವುದೂ ಬೇಕಿತ್ತು. ಒಂದನ್ನು ಇನ್ನೊಂದರ ಬದಲಿಗೆ ಅವರು ಒಪ್ಪಿಕೊಳ್ಳಲಿಲ್ಲ.

ನಮ್ಮ ಮಟ್ಟದಲ್ಲಿ ಇದರ ಅರ್ಥ ಬಹಳ ಸಣ್ಣದು. ಹತ್ತಿರದ ಹಳ್ಳಿಯೊಂದರಲ್ಲಿ ಖಬರಸ್ತಾನಕ್ಕೆ ಹೋಗುವ ಬಂಡಿದಾರಿ ಒತ್ತುವರಿಯಾಗಿತ್ತು. ಅದನ್ನು ಬಿಡಿಸಲು ಕೊಟ್ಟ ಅರ್ಜಿಯ ಮೇಲೆ ಮೊದಲ ಸಹಿಗಳು ನಮ್ಮ ಸಂಘದ ಲಿಂಗಾಯತ ಸದಸ್ಯರದು. ಹಳೇ ಹಣಮಂತದೇವರ ಗುಡಿಯ ಬಾವಿ ಹೂಳು ತೆಗೆಯುವಾಗ ದರ್ಜಿಯ ಇಬ್ಬರು ಮಕ್ಕಳು ಇಡೀ ವಾರ ಬಂದರು. ಕೇಳಿಕೊಂಡು ಬಂದ ಕಥೆ ಕೈಗೆ ಒಂದು ಕೆಲಸ ಹಚ್ಚದಿದ್ದರೆ ಆ ಕಥೆಯನ್ನು ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದೇ ನಾವು ತಿಳಿಯುತ್ತೇವೆ.

ಮೂರನೇ ಆಕ್ಷೇಪಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಅದನ್ನು ಎತ್ತಿದವರು ನಮ್ಮ ಗುಮಾಸ್ತರು. ಅವರ ದೊಡ್ಡಪ್ಪನನ್ನು ರಜಾಕಾರರು ಕೊಂದಿದ್ದರು. “ನಮ್ಮ ಮನಿ ಸಾವು ನಾನೇ ಹೇಳ್ತೀನಿ. ಅದನ್ನೂ ಇನ್ನೊಬ್ಬರ ಬಾಯಿಗೆ ಕೊಡು ಅಂದ್ರ, ಇದ್ದದ್ದೂ ಕಸಗೊಂಡಂಗಾತು” ಎಂದು ಎದ್ದುಹೋದರು. ಅವರ ಮಾತಿನಲ್ಲಿ ನ್ಯಾಯವಿದೆ. ನೊಂದವರಿಗೆ ಕಡೆಯದಾಗಿ ಉಳಿಯುವ ಆಸ್ತಿ ತಮ್ಮ ಕಥೆ. ಅದನ್ನು ಒತ್ತಾಯದಿಂದ ಯಾರೂ ಪಡೆಯಬಾರದು. ಧರ್ಮದ ಹೆಸರಿನಲ್ಲಂತೂ ಕೂಡದು. ಅದಕ್ಕೇ ನಿಯಮಕ್ಕೆ ಒಂದು ಸಾಲು ಸೇರಿಸಿದೆವು. ಕಥೆಯ ಒಡೆಯರು ಒಪ್ಪಿ ಕೊಟ್ಟರೆ ಮಾತ್ರ ಬೇರೆಯವರು ಹೇಳಬಹುದು. ಒಪ್ಪದಿದ್ದರೆ ಅವರ ಮನೆಗೆ ಹೋಗಿ ಕೇಳಿ ಸುಮ್ಮನೆ ಬರಬೇಕು.

ಗುಮಾಸ್ತರ ಮನೆಗೆ ಮೌಲ್ವಿ ಸಾಹೇಬರು ಹೋದರು, ಕೇಳಿದರು, ಬಂದರು. ಮರುವರ್ಷವೂ ಹೋದರು. ಕಳೆದ ಸಲ ಸಭೆಯ ಹಿಂದಿನ ದಿನ ಗುಮಾಸ್ತರು ನನಗೆ ಫೋನ್ ಮಾಡಿದರು. ಸಭೆಗೆ ಬರುವುದಿಲ್ಲ ಎಂದರು. ದೊಡ್ಡಪ್ಪನ ಸಂಗತಿ ಹೇಳುವುದಾದರೆ ಮೌಲ್ವಿ ಸಾಹೇಬರೇ ಹೇಳಲಿ, ಬೇರೆ ಯಾರೂ ಬೇಡ ಎಂದರು. ಆಮೇಲೆ ತಾರೀಖು, ಬಾವಿಯ ಹೆಸರು, ಹೊಲದ ದಿಕ್ಕು ಎಲ್ಲವನ್ನೂ ನಿಧಾನವಾಗಿ ಬರೆಸಿ, “ಒಂದೂ ತಪ್ಪಬಾರದ್ರಿ” ಎಂದು ಎರಡು ಸಲ ಓದಿಸಿ ಕೇಳಿದರು.